ಅಟ್ಟದ ಕೆಳಗಿನ ಸಂಸಾರ

ಆ ಕಾಲದ ತಿಪಟೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದವರಿಗೆ ಯಜಮಾನರು ಊರು, ಉದ್ಯೋಗ ಕೇಳುವುದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದರು. ಅಡಿಗೆ ಸೌದೆ ಒಲೆಯಲ್ಲೋ, ಸ್ಟೌವಿನಲ್ಲೋ? ಹೊರಗಿನಿಂದ ಬಂದವರಿಗೆ ಇದು ತಲೆಹರಟೆ ಅನ್ನಿಸುತ್ತಿತ್ತು. ನಮ್ಮ ಅನ್ನವನ್ನು ನಾವು ಯಾವುದರ ಮೇಲೆ ಬೇಯಿಸಿಕೊಂಡರೆ ಇವರಿಗೇನು ಎಂದು ಮುಖ ಸಿಂಡರಿಸುತ್ತಿದ್ದರು. ತಲೆಯೆತ್ತಿ ನೋಡಿದ ಮೇಲೆ ವಿಷಯ ತಿಳಿಯುತ್ತಿತ್ತು. ಮೇಲೆ ಬಿದಿರಿನ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ.

ಕಾಯಿ ಉಂಡೆ ಕೊಬ್ಬರಿಯಾಗಬೇಕಾದರೆ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಷ್ಟು ದಿನವೂ ತಂಡಿ ಹಿಡಿಯಬಾರದು, ಹುಳ ಹತ್ತಬಾರದು. ಅದಕ್ಕೆ ಕೆಳಗಿನಿಂದ ದಿನವೂ ಒಂದಿಷ್ಟು ಹೊಗೆ ಆಡಬೇಕು. ಹೊಗೆ ಹಾಕುವುದಕ್ಕೆ ಸಂಬಳ ಕೊಟ್ಟು ಆಳು ಇಡುವುದಕ್ಕಿಂತ, ಕಡಿಮೆ ಬಾಡಿಗೆಗೆ ಒಂದು ಸಂಸಾರ ಇಡುವುದು ಲಾಭ. ಎಷ್ಟು ಸಲೀಸಾದ ಏರ್ಪಾಡು ನೋಡಿ. ಮೇಲೆ ಕಾಯಿ ಒಣಗುತ್ತಿತ್ತು, ಕೆಳಗೆ ಮನುಷ್ಯರೂ ಒಣಗುತ್ತಿದ್ದರು.

ಪ್ರೈಮರಿ ಶಾಲೆಯ ಟೀಚರ್ ಗುರುಸಿದ್ದಮ್ಮ ಮದುವೆಯಾಗಿ ಬಂದ ಅರವತ್ತೆಂಟನೇ ಇಸವಿಯಿಂದಲೂ ಅಂಥದೊಂದು ಮನೆಯಲ್ಲಿದ್ದಳು. ಮನೆ ನಂಜುಂಡಪ್ಪನದು. ಅಟ್ಟದ ಮೇಲೆ ಅವನ ಏಳು ಸಾವಿರ ಕಾಯಿ, ಅದರ ಕೆಳಗೆ ಗುರುಸಿದ್ದಮ್ಮ, ಅವಳ ಗಂಡ ಮಲ್ಲಿಕಾರ್ಜುನಯ್ಯ, ಮಗಳು ಗಿರಿಜಾ. ಮಲ್ಲಿಕಾರ್ಜುನಯ್ಯ ಕೊಬ್ಬರಿ ಮಂಡಿಯೊಂದರಲ್ಲಿ ತೂಕದ ಗುಮಾಸ್ತ. ಹಗಲೆಲ್ಲ ಮಂಡಿಯಲ್ಲಿ ಕೊಬ್ಬರಿ ತೂಗಿ, ಸಂಜೆ ಮನೆಗೆ ಬಂದು ಕೊಬ್ಬರಿಯ ಕೆಳಗೇ ಕೂತು ಉಣ್ಣುತ್ತಿದ್ದ. ಗುರುಸಿದ್ದಮ್ಮ ಒಗೆದ ಸೀರೆ ಉಟ್ಟುಕೊಂಡು ಹೋದರೂ ಮೈಯಿಂದ ಹೊಗೆಯ ವಾಸನೆ ಹೋಗುತ್ತಿರಲಿಲ್ಲ. ಮೇಡಂ ಬರುವ ಮುಂಚೆ ಅವರ ವಾಸನೆ ಬರುತ್ತದೆ ಎಂದು ಮಕ್ಕಳು ಪುಸ್ತಕ ತೆರೆದು ಕೂರುತ್ತಿದ್ದರು. ಶಿಸ್ತಿಗೆ ಅನುಕೂಲವೇ ಆಯಿತು ಬಿಡಿ ಎಂದು ಅವಳು ಟೀಚರ್ಸ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದಳು.

ನಗುವ ದಿನ ಮುಗಿದದ್ದು ಎಪ್ಪತ್ತೆಂಟರ ಮಳೆಗಾಲದಲ್ಲಿ. ಮಲ್ಲಿಕಾರ್ಜುನಯ್ಯನಿಗೆ ಉಬ್ಬಸ ಶುರುವಾಯಿತು. ಅನ್ನದ ಮುಂದೆ ಕೂತವನು ತುತ್ತು ನುಂಗಲಾರದೆ ಗೋಡೆ ಹಿಡಿದು ಎದ್ದು ಬೀದಿಗೆ ಹೋಗುತ್ತಿದ್ದ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಔಷಧಿಗಿಂತ ಮುಂಚೆ ಹೊಗೆ ಬಿಡಿ ಎಂದರು. ನಾನು ಬೀಡಿ ಸೇದೋನಲ್ಲ ಡಾಕ್ಟ್ರೇ ಎಂದ ಇವನು. ಗುರುಸಿದ್ದಮ್ಮ ತಲೆ ತಗ್ಗಿಸಿ ತನ್ನ ಸೀರೆಯ ಸೆರಗನ್ನು ನೋಡಿಕೊಂಡಳು.

ಅವತ್ತೇ ನಂಜುಂಡಪ್ಪನ ಅಂಗಡಿಗೆ ಹೋಗಿ, ಇನ್ನು ಮೇಲೆ ಸೀಮೆಎಣ್ಣೆ ಸ್ಟೌವಿನಲ್ಲಿ ಅಡಿಗೆ ಮಾಡಿಕೊಳ್ಳುತ್ತೇವೆ ಎಂದಳು. ನಂಜುಂಡಪ್ಪ ಕೆಟ್ಟವನಲ್ಲ. ಹಾಗೆಂದು ಕಾಯಿಗಿಂತ ಬಾಡಿಗೆದಾರ ಹೆಚ್ಚು ಎಂದುಕೊಳ್ಳುವಷ್ಟು ಒಳ್ಳೆಯವನೂ ಅಲ್ಲ.

"ನೀವು ಹೇಳೋದು ಸರಿ ಮೇಡಮ್ಮೋರೆ. ನಮ್ಮ ಮಲ್ಲಣ್ಣ ಕೆಮ್ಮೋದು ಕೇಳಿದ್ರೆ ನನ್ನ ಹೊಟ್ಟೆನೂ ಉರೀತದೆ. ಆದ್ರೆ ಹೊಗೆ ಇಲ್ದಿದ್ರೆ ಏಳು ಸಾವಿರ ಕಾಯಿ ಬೂಷ್ಟು ಹಿಡೀತದಲ್ರೀ. ಬೇಕಾದ್ರೆ ಬಾಡಿಗೇಲಿ ಐದು ರೂಪಾಯಿ ಬುಟ್ಬುಡಿ."

ಐದು ರೂಪಾಯಿಗೆ ಉಸಿರು ಎಷ್ಟು ಬರುತ್ತದೆ? ಗುರುಸಿದ್ದಮ್ಮ ಅಟ್ಟವಿಲ್ಲದ ಮನೆ ಹುಡುಕಿಕೊಂಡು ಊರೆಲ್ಲ ಅಲೆದಳು. ಅಂಥ ಮನೆಗಳ ಬಾಡಿಗೆ ಇವಳು ಕೊಡುತ್ತಿದ್ದುದರ ಮೂರರಷ್ಟಿತ್ತು. ಸ್ವಂತ ಕಟ್ಟುವ ಮಾತು ಕನಸಿನಲ್ಲೂ ಇಲ್ಲ. ಅಮ್ಮಸಂದ್ರದ ಸಿಮೆಂಟು ಪಕ್ಕದಲ್ಲೇ ತಯಾರಾಗಿ ರೈಲು ಹತ್ತುತ್ತಿದ್ದರೂ ಪರ್ಮಿಟ್ ಇಲ್ಲದೆ ಒಂದು ಮೂಟೆಯೂ ಸಿಕ್ಕುತ್ತಿರಲಿಲ್ಲ. ಪರ್ಮಿಟ್ ಕೇಳಬೇಕಾದರೆ ಮೊದಲು ಸೈಟು ಇರಬೇಕು. ಸರ್ಕಾರ ಬಡವರಿಗೆ ಜನತಾ ಮನೆ ಕೊಡುತ್ತಿತ್ತು, ಕೊಡಲೇಬೇಕಾದದ್ದೇ. ಅದನ್ನು ಪಡೆಯುವುದಕ್ಕೆ ಟೀಚರ್ ಸಂಬಳ ತೀರ ಜಾಸ್ತಿ. ಮಂಡಿ ಸಾಹುಕಾರರ ಸಾಲಿಗೆ ಸೇರಲು ಅದೇ ಸಂಬಳ ಏನೇನೂ ಸಾಲದು. ಮಧ್ಯಮ ವರ್ಗ ಎಂದರೆ ಬಾಗಿಲು ಹಾಕಿದ ಎರಡು ಕಚೇರಿಗಳ ನಡುವಿನ ಜಗಲಿಯ ಮೇಲೆ ಕೂತವರು ಎಂದು ಅವಳಿಗೆ ಆಗ ಅರ್ಥವಾಯಿತು.

ಹೀಗಿರುವಾಗ ಎಪ್ಪತ್ತೊಂಬತ್ತರಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಊರಿನ ಹೊರಗೆ ಸರ್ಕಾರದವರು ಮಧ್ಯಮ ಆದಾಯದವರಿಗೆಂದೇ ನಲವತ್ತು ಮನೆ ಕಟ್ಟುತ್ತಾರೆ, ಮೊದಲು ಇಷ್ಟು ಎಂದು ಕಟ್ಟಿದರೆ ಮಿಕ್ಕದ್ದು ಹದಿನೈದು ವರ್ಷದ ಕಂತು. ಒಂದೇ ಮುಖ್ಯ ಷರತ್ತು. ಅರ್ಜಿದಾರರ ಹೆಸರಿನಲ್ಲಾಗಲಿ, ಗಂಡ ಅಥವಾ ಹೆಂಡತಿಯ ಹೆಸರಿನಲ್ಲಾಗಲಿ ರಾಜ್ಯದ ಎಲ್ಲಿಯೂ ಮನೆ ಇರಕೂಡದು. ಗುರುಸಿದ್ದಮ್ಮನಿಗೆ ಓದಿ ನಗು ಬಂತು. ಇಡೀ ರಾಜ್ಯದಲ್ಲಿ ಈ ಷರತ್ತಿಗೆ ತನ್ನಷ್ಟು ಚೆನ್ನಾಗಿ ಹೊಂದುವವರು ಯಾರಿದ್ದಾರೆ?

ಸಂಬಳ ಸರ್ಕಾರದ್ದು ಎಂದು ಅವಳ ಹೆಸರಿನಲ್ಲೇ ಅರ್ಜಿ ಹಾಕಿದರು. ಆಸ್ತಿಯ ಕಾಲಮ್ಮಿನಲ್ಲಿ ಅವಳು ತವರಿನಿಂದ ಅರಿಶಿನ ಕುಂಕುಮಕ್ಕೆಂದು ಬಂದಿದ್ದ ಹದಿನಾಲ್ಕು ತೆಂಗಿನ ಮರವನ್ನೂ ಬಿಡದೆ ಬರೆದಳು. ಮನೆಯ ಕಾಲಮ್ಮಿನಲ್ಲಿ 'ಇಲ್ಲ' ಎಂದು ದುಂಡಗೆ ಬರೆದಳು. ಆರು ತಿಂಗಳಿಗೆ ಆಯ್ಕೆಯಾದವರ ಪಟ್ಟಿ ಬಂತು. ಅದರಲ್ಲಿ ಹೆಸರಿತ್ತು. ಮಲ್ಲಿಕಾರ್ಜುನಯ್ಯ ಮಂಡಿಯಲ್ಲಿ ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದ.

ಅದಾಗಿ ಹದಿನೈದು ದಿನಕ್ಕೆ ತುಮಕೂರಿನ ಮನೆ ಹಂಚಿಕೆ ಕಚೇರಿಯಿಂದ ಕಾಗದ ಬಂತು. ತಾವು ಹುಟ್ಟಿದ ಊರಿನ ಪಂಚಾಯಿತಿಯ ದಾಖಲೆಯಲ್ಲಿ ತಮ್ಮ ಹೆಸರಿಗೆ ಇನ್ನೂರ ಹದಿನಾಲ್ಕನೇ ನಂಬರಿನ ಮನೆ ಇದ್ದು, ಕಂದಾಯ ಈ ಸಾಲಿನವರೆಗೂ ಪಾವತಿಯಾಗಿದೆ, ಆದ್ದರಿಂದ ತಮ್ಮ ಹಂಚಿಕೆಯನ್ನು ಏಕೆ ರದ್ದು ಮಾಡಬಾರದು?

ಗುರುಸಿದ್ದಮ್ಮ ಕಾಗದವನ್ನು ಮೂರು ಸಲ ಓದಿದಳು. ಹನ್ನೊಂದು ವರ್ಷ ಬಾಡಿಗೆ ಕಟ್ಟಿದ ತನಗೆ, ನೀವೇ ಒಂದು ಮನೆಯ ಒಡತಿ ಎಂದು ಸರ್ಕಾರ ತಿಳಿಸುತ್ತಿದೆ.

ಮಾರನೆಯ ಬೆಳಿಗ್ಗೆ ರಜೆ ಹಾಕಿ ಬಸ್ಸು ಹತ್ತಿದಳು. ತವರು ಹಾಲ್ಕುರಿಕೆ ಕಡೆಯ ಒಂದು ಸಣ್ಣ ಊರು. ಅವಳ ತಂದೆ ತೋಂಟದಾರ್ಯನಿಗೆ ಎಪ್ಪತ್ತು ದಾಟಿತ್ತು. ಇನ್ನೂ ತೋಟದ ಕಾಯಿಯನ್ನು ತಾನೇ ಎಣಿಸಿ ಅಟ್ಟಕ್ಕೆ ಹಾಕಿಸುವ ಗಟ್ಟಿ ಮುದುಕ. ಮಗಳು ಕಾಗದ ಓದಿ ಹೇಳಿದಾಗ ಅವನ ಮುಖ ಅರಳಿತು.

"ಗೌರ್ಮೆಂಟ್‌ನೋರಿಗೂ ತಿಳೀತಾ? ನೋಡ್ದಾ ಮತ್ತೆ. ರಿಕಾರ್ಡು ಅಂದ್ರೆ ಹಂಗಿರ್ಬೇಕು."

"ಯಾವ ಮನೆ ಅಪ್ಪ ಅದು?"

"ನಿನ್ನ ಮರದ ಪಕ್ಕ ಕಾಯಿ ಹಾಕೋ ಕೊಟ್ಟಿಗೆ ಐತಲ್ಲ, ಅದೇ ಕಣವ್ವ."

ತೋಂಟದಾರ್ಯ ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದ. ಅದರಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ದಾರ ಕಟ್ಟಿದ ರಸೀತಿಗಳ ಕಂತೆ ಇತ್ತು. ಎಪ್ಪತ್ತೆರಡರಲ್ಲಿ ನೆಂಟರ ಮದುವೆಯೊಂದರಲ್ಲಿ ಯಾರೋ ಹೆಂಗಸು, ಗುರುಸಿದ್ದಮ್ಮನಿಗೆ ಗಂಡನ ಕಡೆಯೂ ಸೂರಿಲ್ಲ, ತವರಲ್ಲೂ ಸೂರಿಲ್ಲ ಎಂದಿದ್ದಳಂತೆ. ಅದು ಮುದುಕನ ಎದೆಗೆ ನಾಟಿತ್ತು. ಮರುದಿನವೇ ಪಂಚಾಯಿತಿಗೆ ಹೋಗಿ ಆ ಕೊಟ್ಟಿಗೆಗೆ ಮಗಳ ಹೆಸರಲ್ಲಿ ಮನೆ ನಂಬರ್ ಹಾಕಿಸಿ, ಅಂದಿನಿಂದ ಒಂದು ವರ್ಷವೂ ತಪ್ಪದೆ ಕಂದಾಯ ಕಟ್ಟಿಕೊಂಡು ಬಂದಿದ್ದ.

"ನನ್ನ ಕಾಲ ಆದ್ಮೇಲೆ ಪೆಟ್ಗೆ ತೆಗ್ದಾಗ ನಿಂಗೆ ಗೊತ್ತಾಗ್ಲಿ ಅಂತ ಸುಮ್ಕಿದ್ದೆ" ಎಂದ. "ನನ್ನ ಮಗಳು ನಂಬರಿಲ್ದೋಳಲ್ಲ."

ಗುರುಸಿದ್ದಮ್ಮನಿಗೆ ಅಪ್ಪನ ಮೇಲೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಈ ನಂಬರಿನಿಂದಲೇ ಸಿಕ್ಕ ಮನೆ ಕೈತಪ್ಪುತ್ತದೆ, ಗಂಡನ ಉಬ್ಬಸ ಹೀಗೇ ಇದ್ದರೆ ಮುಂದಿನ ಮಳೆಗಾಲ ಕಳೆಯುವುದು ಹೇಗೋ ಗೊತ್ತಿಲ್ಲ ಎಂದು ಬಿಡಿಸಿ ಹೇಳಿದಾಗ ತೋಂಟದಾರ್ಯ ರಸೀತಿಗಳ ಕಂತೆಗೆ ಮತ್ತೆ ದಾರ ಸುತ್ತಿ ಪೆಟ್ಟಿಗೆಗೆ ಹಾಕಿದ. ಆಮೇಲೆ ಎದ್ದು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡ.

"ಕೆಡವ್ಬುಡ್ತೀನಿ ಬಾ. ಮನೆಯೇ ಇಲ್ದಿದ್ಮೇಲೆ ನಂಬರೆಲ್ಲಿಂದ ಬತ್ತದೆ."

"ಕಾಯಿ?"

ಕೊಟ್ಟಿಗೆಯ ಅಟ್ಟದ ಮೇಲೆ ಆ ವರ್ಷದ ಬೆಳೆಯೆಲ್ಲ ಇತ್ತು. ಏಳು ತಿಂಗಳಾಗಿತ್ತು, ಇನ್ನೂ ನಾಲ್ಕು ತಿಂಗಳು ಬೇಕು. ಈಗ ಇಳಿಸಿದರೆ ಅತ್ತ ಎಳನೀರೂ ಅಲ್ಲದ, ಇತ್ತ ಕೊಬ್ಬರಿಯೂ ಅಲ್ಲದ ಕಾಯಿ. ಮುದುಕ ಹಾರೆಯನ್ನು ಮತ್ತೆ ಮೂಲೆಗೆ ಒರಗಿಸಿದ. ಪಂಚಾಯಿತಿ ಸೆಕ್ರೆಟರಿ ಚಿಕ್ಕರಂಗಯ್ಯನನ್ನು ಕೇಳಿದ್ದಕ್ಕೆ, ಬೇರೆಯವರ ಹೆಸರಿಗೆ ಮಾಡಿಕೊಡಬಹುದು, ಆದರೆ ಅರ್ಜಿ ಹಾಕಿದ ಮೇಲೆ ಪರಭಾರೆ ಮಾಡಿದವರಿಗೆ ಮನೆಯಿಲ್ಲ ಎಂದು ಅದೇ ಷರತ್ತಿನ ಹಾಳೆಯಲ್ಲಿದೆ ಎಂದ. ಮೆತ್ತಗೆ ಇನ್ನೊಂದು ಮಾತೂ ಸೇರಿಸಿದ.

"ರಿಜಿಸ್ಟರಿನ ಆ ಹಾಳೆ ಇಲಿ ತಿಂತು ಅಂದ್ರೆ ಯಾರು ಕೇಳ್ತಾರೆ ಮೇಡಂ?"

"ನಾನು ಕೇಳ್ತೀನಿ" ಎಂದಳು ಗುರುಸಿದ್ದಮ್ಮ. "ನಾಳೆ ಶಾಲೇಲಿ ಮಕ್ಕಳ ಮುಂದೆ ನಿಂತ್ಕೋಬೇಕಲ್ಲ ಚಿಕ್ಕರಂಗಯ್ಯ. ಮುಚ್ಚಿಡೋದು ಬೇಡ. ಅವರೇ ಬಂದು ನೋಡ್ಲಿ."

ಅವತ್ತೇ ತುಮಕೂರಿಗೆ ಉತ್ತರ ಬರೆದಳು. ಸದರಿ ಕಟ್ಟಡ ನನ್ನದೇ, ನನಗೆ ತಿಳಿಯದೆ ನನ್ನ ತಂದೆ ನಂಬರ್ ಮಾಡಿಸಿದ್ದಾರೆ, ಅದು ಕಾಯಿ ಹಾಕುವ ಕೊಟ್ಟಿಗೆ, ಅದರಲ್ಲಿ ಮನುಷ್ಯರು ವಾಸಿಸಬಹುದೇ ಎಂದು ತಾವು ಖುದ್ದಾಗಿ ಬಂದು ನೋಡಿ ತೀರ್ಮಾನಿಸಬೇಕು. ಆ ಪತ್ರದಿಂದ ಏನೂ ಆಗುವುದಿಲ್ಲ ಎಂದು ಶಾಲೆಯಲ್ಲಿ ಎಲ್ಲರೂ ಹೇಳಿದರು. ನಾಲ್ಕು ತಿಂಗಳು ಏನೂ ಆಗಲೂ ಇಲ್ಲ. ಎಂಬತ್ತರ ಆಷಾಢದ ಒಂದು ಜಿಟಿಜಿಟಿ ಮಳೆಯ ದಿನ, ಗುರುವಾರ ಸ್ಥಳ ಮಹಜರಿಗೆ ಓವರ್‌ಸಿಯರ್ ಬರುತ್ತಾರೆ ಎಂದು ಕಾರ್ಡು ಬಂತು. ಗುರುಸಿದ್ದಮ್ಮ ಅದೇ ದಿನ ಅಪ್ಪನಿಗೆ ಒಂದು ಸಾಲು ಬರೆದು ಹಾಕಿದಳು. 'ನಮ್ಮ ಮನೆ ವಿಚಾರವಾಗಿ ಗುರುವಾರ ಆಫೀಸರ್ ಬರುತ್ತಾರೆ, ನೀನು ಅಲ್ಲೇ ಇರು.'

ಆ ಒಂದು ಸಾಲಿನಿಂದ ಏನೇನಾಯಿತು ಎಂದು ಗುರುವಾರ ಅವಳಿಗೆ ಗೊತ್ತಾಯಿತು.

ಓವರ್‌ಸಿಯರ್ ಬೆಂಗಳೂರಿನವನು, ಮೂವತ್ತರೊಳಗಿನವನು, ಕಾಲಿಗೆ ಕೆಸರು ತಾಗದ ಹಾಗೆ ಪ್ಯಾಂಟು ಎತ್ತಿ ಹಿಡಿದುಕೊಂಡು ತೋಟದ ಬದುವಿನ ಮೇಲೆ ನಡೆಯುತ್ತಿದ್ದ. ಹಿಂದೆ ಗುರುಸಿದ್ದಮ್ಮ. ದಾರಿಯುದ್ದಕ್ಕೂ ಅವಳು, ಅದು ಕೊಟ್ಟಿಗೆ ಸಾರ್, ಹಳೇ ಮಣ್ಣಿನ ಗೋಡೆ, ನೀವೇ ನೋಡ್ತೀರಲ್ಲ ಎಂದು ಹೇಳಿಕೊಂಡು ಬಂದಳು. ಮರಗಳ ಮರೆ ದಾಟಿದ ಕೂಡಲೇ ಅವಳ ಮಾತು ನಿಂತುಹೋಯಿತು.

ಕೊಟ್ಟಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಗೋಡೆಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟೆ. ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದರು. ಹೊಸ್ತಿಲಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಮಾವಿನ ತೋರಣ. ಬಾಗಿಲ ಮೇಲೆ ದೂರದಿಂದಲೇ ಕಾಣುವ ಹಾಗೆ ಕೆಂಪು ಬಣ್ಣದಲ್ಲಿ 214. ಒಳಗೆ ಮಂಚ, ಮಂಚದ ಮೇಲೆ ಜಮಖಾನ. ತೋಂಟದಾರ್ಯ ಒಗೆದ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ ಕೈ ಮುಗಿದು ನಿಂತಿದ್ದ.

"ಬನ್ನಿ ಸ್ವಾಮಿ, ಬಡವರ ಮನೆ."

ಗುರುಸಿದ್ದಮ್ಮ ಅಪ್ಪನನ್ನು ಪಕ್ಕಕ್ಕೆ ಎಳೆದುಕೊಂಡಳು. "ಏನಪ್ಪ ಮಾಡ್ದೆ ನೀನು?"

"ಆಫೀಸರ್ ಬತ್ತಾರೆ ಅಂತ ನೀನೇ ಬರೆದಿದ್ಯಲ್ಲವ್ವ. ನಂಬರು ಮುಚ್ಚಿಡೋದು ಬ್ಯಾಡ ಅಂದೋಳೂ ನೀನೇ. ಗಲೀಜಾಗಿ ಇಟ್ಕೊಂಡ್ರೆ, ಇಂಥೋರ ಮಗಳಿಗೆ ಯಾಕೆ ಹೊಸ ಮನೆ ಕೊಡೋದು ಅನ್ಕೊಳಲ್ವಾ?"

ಅವನ ಲೆಕ್ಕಾಚಾರದಲ್ಲಿ ತಪ್ಪೇನಿರಲಿಲ್ಲ. ಹೆಣ್ಣು ನೋಡುವುದಕ್ಕೆ ಬರಲಿ, ಮನೆ ನೋಡುವುದಕ್ಕೆ ಬರಲಿ, ಬರುವವರ ಮುಂದೆ ಮಗಳು ಚಿಕ್ಕವಳಾಗಬಾರದು. ಆ ಸೀಮೆಯ ಯಾವ ತಂದೆಯಾದರೂ ಅದನ್ನೇ ಮಾಡುತ್ತಿದ್ದ. ಒಳಗೆ ಓವರ್‌ಸಿಯರ್ ಮಂಚದ ಮೇಲೆ ಕೂತು ಬರೆದುಕೊಳ್ಳುತ್ತಿದ್ದ. ಗೋಡೆಗೆ ಸುಣ್ಣ ಇದೆ. ಹೊಸ್ತಿಲು ಇದೆ. ಬಾಗಿಲ ನಂಬರ್ ಇದೆ. ಗುರುಸಿದ್ದಮ್ಮ ಬಾಗಿಲ ಹತ್ತಿರ ನಿಂತು ಆ ಪೆನ್ನು ಓಡುವುದನ್ನು ನೋಡಿದಳು.

ಮಳೆ ಜೋರಾಯಿತು. ಆಫೀಸರಿಗೆ ಚಳಿಯಾಗುತ್ತದೆ ಎಂದು ತೋಂಟದಾರ್ಯ ಮೂಲೆಯ ಗುಂಡಿಯಲ್ಲಿದ್ದ ತೆಂಗಿನ ಮಟ್ಟೆಗೆ ಬೆಂಕಿ ಹಚ್ಚಿದ. ಕಾಯಿಗೂ ಹೊಗೆಯ ಹೊತ್ತಾಗಿತ್ತು. ಹಸಿ ಮಟ್ಟೆ ಉರಿಯಲಿಲ್ಲ, ಹೊಗೆಯಾಡಿತು. ಕಿಟಕಿಯಿಲ್ಲದ ಆ ಕೊಟ್ಟಿಗೆಯಲ್ಲಿ ಹೊಗೆ ಮೊದಲು ನೆಲದ ಮೇಲೆ ಹರಡಿ, ಮಂಚ ಮುಚ್ಚಿ, ಆಮೇಲೆ ನಿಧಾನವಾಗಿ ಅಟ್ಟದ ಸಂದಿಗಳಿಗೆ ಏರಿತು. ಓವರ್‌ಸಿಯರ್ ಒಂದು ಸಲ ಕೆಮ್ಮಿದ, ಎರಡು ಸಲ ಕೆಮ್ಮಿದ, ಕಾಗದ ಎದೆಗೆ ಅವುಚಿಕೊಂಡು ರಂಗೋಲಿ ತುಳಿದು ಮಳೆಗೆ ಓಡಿಬಂದ. ಕಣ್ಣು ಮೂಗು ಒರೆಸಿಕೊಳ್ಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು.

"ಅಯ್ಯೋ, ಇದರಲ್ಲಿ ಮನುಷ್ಯರು ಹೇಗ್ರೀ ಇರ್ತಾರೆ?"

"ಹನ್ನೆರಡು ವರ್ಷದಿಂದ ನಾವು ಇರೋದು ಇಂಥದ್ರಲ್ಲೇ ಸಾರ್" ಎಂದಳು ಗುರುಸಿದ್ದಮ್ಮ. "ತಿಪಟೂರಲ್ಲಿ. ಬೇರೆಯೋರ ಕಾಯಿ ಕೆಳಗೆ."

ಹೇಳಿದ ಮೇಲೆ ಎಡವಟ್ಟು ಗೊತ್ತಾಯಿತು. ಇಂಥದರಲ್ಲಿ ಜನ ಇರುತ್ತಾರೆ ಎಂದು ತಾನೇ ಒಪ್ಪಿಕೊಂಡ ಹಾಗಾಯಿತಲ್ಲ. ಹಾಗಾದರೆ ಇದೂ ಮನೆಯೇ ಎಂದು ಬರೆದರೆ? ಓವರ್‌ಸಿಯರ್ ಅವಳ ಮುಖವನ್ನೂ, ಬಾಗಿಲಿಂದ ಹೊರಗೆ ಸುರುಳಿ ಸುತ್ತಿ ಬರುತ್ತಿದ್ದ ಹೊಗೆಯನ್ನೂ ನೋಡಿದ. ಪೆನ್ನಿನ ಕ್ಯಾಪು ತೆಗೆದು, ಬರೆದದ್ದಕ್ಕೆಲ್ಲ ಒಂದು ಗೆರೆ ಎಳೆದು, ಕೆಳಗೆ ಹೊಸದಾಗಿ ಒಂದೇ ವಾಕ್ಯ ಬರೆದ. 'ಸದರಿ ಕಟ್ಟಡವು ತೆಂಗಿನಕಾಯಿ ಇರಲು ಯೋಗ್ಯವಾಗಿದೆ, ಮನುಷ್ಯರು ಇರಲು ಅಲ್ಲ.'

"ಕಟ್ಟಿಸಿದ ಯಜಮಾನರು ಇದಕ್ಕೆ ರುಜು ಹಾಕಬೇಕು. ಇದು ಮನೆ ಅಲ್ಲ ಅಂತ" ಎಂದು ಕಾಗದ ಮುಂದೆ ಹಿಡಿದ.

ತೋಂಟದಾರ್ಯ ಪೆನ್ನು ತೆಗೆದುಕೊಂಡ. ಬಾಗಿಲ ಮೇಲಿನ ನಂಬರನ್ನು ಒಂದು ಸಲ ನೋಡಿದ. ಯಾರೋ ಆಡಿದ ಒಂದು ಮಾತಿಗೆ ಎಂಟು ವರ್ಷ ಉತ್ತರ ಕಟ್ಟಿಕೊಂಡು ಬಂದವನು ಅವನು. ಈಗ ಆ ಹೆಂಗಸು ಹೇಳಿದ್ದೇ ಸರಿ ಎಂದು ಸರ್ಕಾರದ ಕಾಗದದ ಮೇಲೆ ತನ್ನ ಕೈಯಾರೆ ಬರೆದುಕೊಡಬೇಕಿತ್ತು. ಪೆನ್ನು ಹಿಡಿದ ಕೈ ಕಾಗದದ ಮೇಲೆ ನಿಂತೇ ಇತ್ತು. ಗುರುಸಿದ್ದಮ್ಮನಿಗೆ ನೋಡಲಾಗಲಿಲ್ಲ. ಬೇಡಪ್ಪ ಬಿಡು, ಹೇಗೋ ಆಗುತ್ತೆ ಎಂಬ ಮಾತು ಬಾಯಿಗೆ ಬಂದಿತ್ತು.

"ಮನೆ ಅಲ್ಲ ಸ್ವಾಮಿ" ಎಂದ ತೋಂಟದಾರ್ಯ. "ಕಾಯಿ ಹಾಕೋ ಕೊಟ್ಗೆ." ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿ ಪೆನ್ನನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಬಸ್ ಸ್ಟ್ಯಾಂಡಿನವರೆಗೆ ನಡೆಯುವಾಗ ಓವರ್‌ಸಿಯರ್, ನಾನೂ ಬಾಡಿಗೆ ಮನೆಯವನೇ ಮೇಡಂ, ನಲ್ಲಿ ನೀರು ಹಿಡಿಯೋಕೆ ಓನರ್ ಮುಖ ನೋಡಬೇಕು ಎಂದ. ಇನ್ನೂರು ಮನೆ ಕಟ್ಟಿಸಿದ್ದೀನಿ, ಒಂದರ ಬೀಗದ ಕೈಯೂ ನನ್ನ ಹತ್ತಿರ ಉಳಿದಿಲ್ಲ ಎಂದು ನಕ್ಕ. ಗುರುಸಿದ್ದಮ್ಮ ಅವನಿಗೆ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕೊಡಿಸಲು ಹೋದಳು. ಮಹಜರು ಮಾಡಿದ ದಿನ ಪಾರ್ಟಿ ಹತ್ತಿರ ಕಾಫಿ ಕುಡಿಯಲ್ಲ ಎಂದು ಅವನು ಮಳೆಯಲ್ಲೇ ನಿಂತ.

ಹಂಚಿಕೆ ಉಳಿಯಿತು. ಮನೆ ಬರುವುದು ಮಾತ್ರ ತಡವಾಯಿತು. ಸಿಮೆಂಟಿಲ್ಲ ಎಂದು ಒಂದು ವರ್ಷ, ಕಬ್ಬಿಣವಿಲ್ಲ ಎಂದು ಆರು ತಿಂಗಳು. ಆ ಎರಡು ಮಳೆಗಾಲ ಗುರುಸಿದ್ದಮ್ಮ ಬೆಳಗಿನ ಜಾವವೇ ಎದ್ದು ಒಂದೇ ಸಲ ಅಡಿಗೆ ಮುಗಿಸಿ, ಹೊಗೆ ಆರುವವರೆಗೆ ಗಂಡನನ್ನು ದೇವಸ್ಥಾನದ ಜಗಲಿಗೆ ಕಳಿಸುತ್ತಿದ್ದಳು. ಊರಲ್ಲಿ ಅವನಿಗೆ ದೊಡ್ಡ ದೈವಭಕ್ತ ಎಂದು ಹೆಸರಾಯಿತು. ಅಂತೂ ಎಂಬತ್ತೆರಡರ ಕೊನೆಗೆ ಕೈಗೆ ಬೀಗದ ಕೈ ಬಂತು.

ಎರಡು ಕೋಣೆ, ಒಂದು ಅಡಿಗೆ ಮನೆ, ಮೇಲೆ ಸಪಾಟು ತಾರಸಿ. ಹಾಲು ಉಕ್ಕಿಸಿದ್ದು ಸೀಮೆಎಣ್ಣೆ ಸ್ಟೌವಿನ ಮೇಲೆ. ಮಲ್ಲಿಕಾರ್ಜುನಯ್ಯ ಎಲೆಯ ಮುಂದೆ ಕೂತು, ಒಂದು ಸಲವೂ ಏಳದೆ, ಪಾಯಸದವರೆಗೆ ಉಂಡ. ಬಡಿಸುತ್ತಿದ್ದ ಗುರುಸಿದ್ದಮ್ಮ ಅದನ್ನು ನೋಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಊಟಕ್ಕೆ ಬಂದಿದ್ದ ನಂಜುಂಡಪ್ಪ ತಾರಸಿಯನ್ನು ಕೆಳಗಿನಿಂದಲೇ ಪರೀಕ್ಷೆ ಮಾಡಿದ.

"ಎಲ್ಲಾ ಸರಿ ಮೇಡಮ್ಮೋರೆ. ಇಲ್ಲಿ ಕಾಯಿ ಎಲ್ಲಿ ಹಾಕ್ತೀರಾ?"

"ಕಾಯಿಗೆ ಊರಲ್ಲಿ ಬೇರೆ ಜಾಗ ಇದೆ" ಎಂದಳು ಅವಳು.

ತೋಂಟದಾರ್ಯ ಬಂದವನು ಎರಡು ಕೋಣೆ, ಅಡಿಗೆ ಮನೆ ಮೂರರಲ್ಲೂ ಓಡಾಡಿ ನೋಡಿ ಮಧ್ಯದಲ್ಲಿ ನಿಂತು ತಲೆಯೆತ್ತಿದ.

"ಮೇಲೆ ಏನೂ ಇಲ್ವಲ್ಲವ್ವ."

"ಏನೂ ಇಲ್ಲಪ್ಪ" ಎಂದಳು ಗುರುಸಿದ್ದಮ್ಮ. ಇಷ್ಟು ಸಂತೋಷದಿಂದ ಅವಳು 'ಇಲ್ಲ' ಎಂದದ್ದು ಜೀವನದಲ್ಲಿ ಅದೇ ಮೊದಲು.

ಊಟದವರೆಲ್ಲ ಹೋದ ಮೇಲೆ ಅವಳು ಒಂದು ಸಣ್ಣ ಡಬ್ಬಿ ಕೆಂಪು ಬಣ್ಣ, ಒಂದು ಕುಂಚ ತಂದು ಅಪ್ಪನ ಮುಂದೆ ಇಟ್ಟಳು. ಹೊಸ ಬಾಗಿಲಿಗೆ ಇನ್ನೂ ಯಾರೂ ನಂಬರ್ ಬರೆದಿರಲಿಲ್ಲ.

"ಇಪ್ಪತ್ತಮೂರು ಅಪ್ಪ. ನೀನೇ ಬರಿ."

ತೋಂಟದಾರ್ಯ ಸ್ಟೂಲು ಹತ್ತಿದ. ಮಲ್ಲಿಕಾರ್ಜುನಯ್ಯ ಸ್ಟೂಲು ಹಿಡಿದುಕೊಂಡ. ಮುದುಕ ಎರಡು ಅಂಕಿ ಬರೆಯುವುದಕ್ಕೆ ಕಾಲು ಗಂಟೆ ತೆಗೆದುಕೊಂಡ. ಬೀದಿಯಿಂದ ಕಾಣುತ್ತದೋ ಇಲ್ಲವೋ ಎಂದು ಎರಡು ಸಲ ಇಳಿದು ಹೋಗಿ ನೋಡಿ ಬಂದು ಮತ್ತೆ ತಿದ್ದಿದ. ಕೈಗೆ ಹತ್ತಿದ ಬಣ್ಣ ಒರೆಸಿಕೊಳ್ಳುತ್ತ ಕೇಳಿದ:

"ಇಲ್ಲಿ ಕಂದಾಯ ಎಲ್ಲಿ ಕಟ್ಬೇಕವ್ವ?"

"ಮುನಿಸಿಪಾಲಿಟೀಲಿ. ಇನ್ಮೇಲೆ ನಾನೇ ಕಟ್ತೀನಪ್ಪ."

ಮುದುಕ ಕುಂಚವನ್ನು ಡಬ್ಬಿಯ ಮೇಲೆ ಇಟ್ಟ. "ಮೊದಲ್ನೇ ವರ್ಷದ್ದು ನಾನು ಕಟ್ಟಿ ಹೋಗ್ತೀನಿ ಬುಡು" ಎಂದು ಹೇಳಿ, ರಸೀತಿ ಯಾರ ಹೆಸರಿಗೆ ಬರೆಸಬೇಕು ಎಂದು ಕೇಳದೆಯೇ ಛತ್ರಿ ತೆಗೆದುಕೊಂಡು ಹೊರಟ.